ಜಾನ್‌ದಾದನ ಕೋವಿಗೆ ಇವತ್ತಿನ ಬೆಲೆ

ಕೋವಿ ಮಾಡಿ ಮಾರುವ ದರ್ರಾ ಬಜಾರಿನಲ್ಲಿ ಮೇವಾ ಗುಲ್‌ನನ್ನು ಎದುರಿಗೆ ಉಸ್ತಾದ್ ಅನ್ನುತ್ತಿದ್ದರು, ಬೆನ್ನ ಹಿಂದೆ ಡಝ್ ಅನ್ನುತ್ತಿದ್ದರು. ಡಝ್ ಎಂದರೆ ಗುಂಡು ಹಾರಿದ ಸದ್ದು. ಬೆಳಗಾದರೆ ಗಿರಾಕಿಗಳು ಕೋವಿ ಪರೀಕ್ಷೆಗೆಂದು ಆಕಾಶಕ್ಕೆ ಹೊಡೆಯುತ್ತಲೇ ಇರುವ ಊರಿನಲ್ಲಿ ಒಬ್ಬನಿಗೇ ಆ ಹೆಸರು ಅಂಟಬೇಕಾದರೆ ಅದಕ್ಕೊಂದು ಕಾರಣ ಇರಲೇಬೇಕು. ಆ ಕಾರಣ ಕಣಿವೆಯ ಮುಖಂಡ ಮಲಿಕ್ ತೋರ್‌ಬಾಜ್‌ನ ಚಾವಡಿಯ ಗೋಡೆಯ ಮೇಲೆ ನೇತಾಡುತ್ತಿತ್ತು.

ಅದೊಂದು ಇಂಗ್ಲಿಷ್ ರೈಫಲ್, ಅಸಲಿ ತ್ರೀ ನಾಟ್ ತ್ರೀ. ಇಂಗ್ಲಿಷರು ಗಂಟುಮೂಟೆ ಕಟ್ಟುವಾಗ ದಂಡಿನ ಹಳೆಯ ಸಾಮಾನನ್ನು ಹರಾಜು ಹಾಕಿದರಲ್ಲ, ಆಗ ಮೇವಾನ ತಾತ ಎಮ್ಮೆ ಮಾರಿ, ಹೆಂಡತಿಯ ಬೆಳ್ಳಿ ಮಾರಿ ಅದನ್ನು ತಂದಿದ್ದ. ನಮ್ಮ ಕೆಲಸಗಾರರು ಅಂಥದ್ದನ್ನು ಅರದಲ್ಲಿ ಉಜ್ಜಿ ಉಜ್ಜಿ ಮಾಡಿಬಿಡುತ್ತಾರೆ, ನಿಜ. ಕಣ್ಣಿಗೆ ಒಂದೇ. ಆದರೆ ನಮ್ಮ ನಳಿಗೆ ಒಂದು ಜಗಳಕ್ಕೆ ಸುಸ್ತಾಗುತ್ತದೆ, ಇಂಗ್ಲಿಷ್ ಉಕ್ಕು ಮೊಮ್ಮಕ್ಕಳ ಜಗಳಕ್ಕೂ ಬರುತ್ತದೆ. ಹಾಗಾಗಿ ಅಸಲಿ ಇರುವ ಮನೆಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಮೇವಾನ ಅಪ್ಪ ಜಾನ್‌ದಾದ್‌ಗೆ ಗುಲ್ಮೀನಾ ಸಿಕ್ಕಿದ್ದೂ ಆ ಕೋವಿಯ ದೆಸೆಯಿಂದಲೇ. ಹೊಸ ಮದುವಣಗಿತ್ತಿ ಮಾಡಿದ ಮೊದಲ ಕೆಲಸವೆಂದರೆ ಆ ಕೋವಿಯ ಹಿಡಿಯಿಂದ ಅಕ್ರೋಟು ಒಡೆದದ್ದು. ಒಳಮಗ್ಗುಲಲ್ಲಿ, ಹಿತ್ತಾಳೆ ಪಟ್ಟಿಯ ಪಕ್ಕ, ಮರ ಎರಡು ಕಡೆ ತಗ್ಗಾಯಿತು. ಜಾನ್‌ದಾದ್ ಮನೆ ಹಾರಿಹೋಗುವಂತೆ ಬೈದ, ಆಮೇಲೆ ಕೂತು ಅಕ್ರೋಟನ್ನೆಲ್ಲ ತಾನೇ ತಿಂದ.

ಜಾನ್‌ದಾದ್‌ಗೂ ತೋರ್‌ಬಾಜ್‌ಗೂ ಜಗಳ ಹತ್ತಿದ್ದು ಹೊಲದ ಗಡಿಯ ಮೇಲಿನ ಒಂದು ಹಿಪ್ಪುನೇರಳೆ ಮರಕ್ಕೆ. ಎರಡೂ ಕಡೆಯಿಂದ ಗುಂಡು ಹಾರಿ, ಪಾಪ, ಯಾರ ಪಕ್ಷಕ್ಕೂ ಸೇರದ ಒಂದು ಹೇಸರಗತ್ತೆ ಸತ್ತಿತು. ಹಿರಿಯರು ಜಿರ್ಗಾ ಎಂಬ ಪಂಚಾಯಿತಿ ಕೂಡಿಸಿ ನಡುವೆ ಕಲ್ಲಿಟ್ಟರು. ಕಲ್ಲು ಬಿದ್ದ ಮೇಲೆ ಗೋಧಿ ಕೊಯ್ಲು ಮುಗಿಯುವವರೆಗೆ ಎರಡು ಮನೆಯ ಯಾರೂ ಗುಂಡು ಹಾರಿಸಕೂಡದು. ಮಾತಿಗೆ ಒತ್ತೆಯಾಗಿ ಇಬ್ಬರೂ ತಮ್ಮ ಒಳ್ಳೆಯ ಕೋವಿಯನ್ನು ಜಿರ್ಗಾದ ಕೈಗೆ ಕೊಡಬೇಕು. ಕಲ್ಲು ಮುರಿದವನ ಕೋವಿ ಎದುರಾಳಿಯ ಪಾಲು.

ಕೊಯ್ಲಿಗೆ ಇನ್ನು ಸ್ವಲ್ಪ ದಿನ ಇರುವಾಗ ಒಂದು ಸಂಜೆ ಗುಲ್ಮೀನಾ ಗಂಡುಮಗು ಹೆತ್ತಳು. ಸೂಲಗಿತ್ತಿ ಬಾಗಿಲಿಗೆ ಬಂದು "ಗಂಡು" ಅಂದದ್ದೇ ತಡ, ಜಾನ್‌ದಾದ್‌ಗೆ ಕಲ್ಲೂ ನೆನಪಿರಲಿಲ್ಲ, ಮಣ್ಣೂ ನೆನಪಿರಲಿಲ್ಲ. ಚಿಕ್ಕಪ್ಪನ ನಾಡಕೋವಿ ಕಸಿದುಕೊಂಡು ಮಾಳಿಗೆ ಹತ್ತಿ ಆಕಾಶಕ್ಕೆ ಹೊಡೆದ. ನಮ್ಮಲ್ಲಿ ಗಂಡು ಹುಟ್ಟಿದರೆ ಯಾರಾದರೂ ಹೊಡೆಯುವವರೇ, ಕೈ ತಾನಾಗಿ ಹೋಗುತ್ತದೆ. ಕೆಳಗೆ ಹೆಂಗಸರು ದಫ್ ಬಡಿಯುತ್ತಿದ್ದರು. ಇಡೀ ಕಣಿವೆಗೆ ಸುದ್ದಿ ತಿಳಿಯಿತು. ತೋರ್‌ಬಾಜ್‌ನ ಹೆಂಡತಿಯೇ ಗೋಡೆಯಾಚೆಯಿಂದ ಬಾಣಂತಿಗೆ ಬೆಲ್ಲ ಕಳಿಸಿದಳು.

ಆ ಬೆಲ್ಲ ಕರಗುವ ಮೊದಲೇ ತೋರ್‌ಬಾಜ್ ಜಿರ್ಗಾದ ಮುಂದೆ ನಿಂತು ಆಣೆ ಇಟ್ಟ. "ಗುಂಡು ನನ್ನ ಸೂರಿನ ಮೇಲಿಂದ ಹೋಯ್ತು. ಹುಟ್ಟೋ ಸಾವೋ ನಂಗೇನು ಗೊತ್ತು? ನನ್ನ ಮನೆ ಕಡೆ ಹೊಡೆದ, ಅಷ್ಟೇ ಗೊತ್ತು."

ಹಿರಿಯರಿಗೂ ನಿಜ ಗೊತ್ತಿತ್ತು. ಆದರೆ ಕಲ್ಲು ಕಲ್ಲೇ, ಆಣೆ ಆಣೆಯೇ. ಕೋವಿ ತೋರ್‌ಬಾಜ್‌ನ ಗೋಡೆಗೆ ಹೋಯಿತು, ಮಗುವಿಗೆ ಡಝ್ ಎಂಬ ಹೆಸರು ಬಂತು. ಬೇರೆ ಮಕ್ಕಳು ಹುಟ್ಟಿದರೆ ಮನೆಗೆ ಬಲ ಬರುತ್ತದೆ, ಇವನು ಹುಟ್ಟಿ ಮನೆಯ ಮಾನ ಹೋಯಿತು ಎಂದು ಆಡಿಕೊಂಡರು. ಆಡಿಕೊಂಡವರ ಬಾಯಿಗೆ ಹುಳ ಬೀಳಲಿ, ಆ ಮಗು ಏನು ಮಾಡಿತ್ತು?

ಈದ್ ದಿನ ಕಣಿವೆಯ ಗಂಡಸರೆಲ್ಲ ಮಲಿಕನ ಚಾವಡಿಗೆ ಹೋಗಿ ಅಪ್ಪಿಕೊಂಡು ಬರಬೇಕು. ಹೋಗದಿದ್ದರೆ ಸೋಲು ಒಪ್ಪಿದಂತೆ. ಜಾನ್‌ದಾದ್ ಮಗನ ಕೈ ಹಿಡಿದುಕೊಂಡು ಹೋಗುತ್ತಿದ್ದ. ತೋರ್‌ಬಾಜ್ ಹಸಿರು ಚಹಾ ಕೊಟ್ಟು, ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದ:

"ಜಾನ್‌ದಾದ್, ನಾನೇನು ಪರಕೀಯನಾ? ಬಜಾರಲ್ಲಿ ಇವತ್ತಿನ ಬೆಲೆ ಎಷ್ಟು ಕೇಳ್ಕೊಂಡು ಬಾ. ಕೊಡು, ನಿನ್ನ ಕೋವಿ ನೀನು ಒಯ್ಯಿ."

ಆ ಮುಗ್ಧ ಮನುಷ್ಯ ಅದನ್ನು ನಂಬಿದ. ಕೊಹಾಟ್ ರಸ್ತೆಯಲ್ಲಿ ಕಲ್ಲು ಒಡೆದ, ಕುರಿ ಸಾಕಿದ, ಮಾಂಸ ಬಿಟ್ಟ. ಇವನ ಕೈ ಸ್ವಲ್ಪ ತುಂಬಿತು ಅನ್ನುವಾಗ ಬೆಲೆ ಇನ್ನೊಂದು ಗೇಣು ಮೇಲೆ ಏರಿರುತ್ತಿತ್ತು. ಗಡಿಯಾಚೆ ಯುದ್ಧ ಶುರುವಾದಾಗಂತೂ ಪ್ರತಿಯೊಬ್ಬ ಅಫ್ಘಾನನಿಗೂ ರೈಫಲ್ ಬೇಕಾಗಿ ಅಸಲಿಯ ಬೆಲೆಗೆ ಹೊಲವೇ ಬರುತ್ತಿತ್ತು. ಆಮೇಲೆ ಲಾರಿಗಟ್ಟಲೆ ಕಲಾಶ್ನಿಕೋವ್ ಬಂದು ಬಿತ್ತು. ನೋಡುನೋಡುತ್ತ ತ್ರೀ ನಾಟ್ ತ್ರೀ ಕೇಳುವವರಿಲ್ಲದಂತಾಯಿತು. ಮುದುಕರು ಊರುಗೋಲಿನ ಹಾಗೆ ಅದನ್ನು ಹಿಡಿದು ಓಡಾಡಿದರು. ಒಬ್ಬನಂತೂ ಕೋಳಿಗೂಡಿನ ಬಾಗಿಲಿಗೆ ಅಗಳಿ ಮಾಡಿಕೊಂಡ.

ಜಾನ್‌ದಾದ್ ಕೂಡಿಟ್ಟದ್ದನ್ನು ಶಾಲಿನಲ್ಲಿ ಕಟ್ಟಿಕೊಂಡು ಹೋದ. ಅವತ್ತು ಮೇವಾ ಜೊತೆಗಿದ್ದ. ಆಗಲೇ ಮೀಸೆ ಬಂದಿತ್ತು, ಬಜಾರಿನ ಒಂದು ಅಂಗಡಿಯಲ್ಲಿ ನಳಿಗೆ ಕೊರೆಯುವುದನ್ನು ಕಲಿಯುತ್ತಿದ್ದ.

"ಮಲಿಕ್ ಸಾಹೇಬ್, ಬಜಾರಿನ ಬೆಲೆ ತಂದಿದೀನಿ. ಜಾಸ್ತೀನೇ ಇದೆ."

ತೋರ್‌ಬಾಜ್ ಗಂಟು ಬಿಚ್ಚಿಯೂ ನೋಡಲಿಲ್ಲ. ಬಾಯಲ್ಲಿದ್ದ ನಸ್ವಾರ್ ಹೊಗೆಸೊಪ್ಪು ಉಗಿದು ಹೇಳಿದ: "ಸೌದೆ ಬೆಲೆಗೆ ಮಾರೋಕೆ ನಂಗೇನು ಹುಚ್ಚಾ? ಬೆಲೆ ಬಿದ್ದಾಗ ವ್ಯಾಪಾರ ಮಾಡೋನು ಕತ್ತೆ. ಏರಲಿ, ಆಗ ಬಾ." ಆಮೇಲೆ ಕೋವಿಯನ್ನು ಗೋಡೆಯಿಂದ ಇಳಿಸಿ, ಮೇವಾನ ಮುಖದ ಹತ್ತಿರ ಹಿಡಿದ. ಕೈಗೆ ಕೊಡಲಿಲ್ಲ. "ನೋಡ್ಕೋ ಬಚ್ಚಾ, ಕಣ್ತುಂಬ ನೋಡ್ಕೋ. ನೀನು ಹುಟ್ಟಿದ್ದಕ್ಕೆ ನಿಮ್ಮಪ್ಪ ನಂಗೆ ಕೊಟ್ಟ ಉಡುಗೊರೆ ಇದು."

ಚಾವಡಿ ನಕ್ಕಿತು. ಮೇವಾ ನಗಲಿಲ್ಲ, ಅಳಲೂ ಇಲ್ಲ. ಹೇಳಿದ ಹಾಗೆಯೇ ಕಣ್ತುಂಬ ನೋಡಿದ. ಕಿರೀಟದ ಗುರುತು, ಅದರ ಕೆಳಗಿನ ಅಕ್ಷರಗಳು, ಇಸವಿ, ಹಿಡಿಗೆ ಕೂರಿಸಿದ ಹಿತ್ತಾಳೆ ಬಿಲ್ಲೆ, ನಳಿಗೆಯ ಬುಡದ ನಂಬರು. ಓದಲು ಬರುತ್ತಿರಲಿಲ್ಲ. ಆದರೆ ನಮ್ಮ ಕಸುಬಿನವರು ಅಕ್ಷರವನ್ನು ಹೂಬಳ್ಳಿಯಂತೆ ನೋಡಿ ಕಲಿಯುತ್ತಾರೆ, ಒಮ್ಮೆ ಕಂಡದ್ದು ಕೈಗೆ ಇಳಿಯುತ್ತದೆ.

ಜಾನ್‌ದಾದ್ ಆ ಚಳಿಗಾಲ ದಾಟಲಿಲ್ಲ. "ಕೆಮ್ಮಿ ಸತ್ತ ಅಂತಾರೆ," ಗುಲ್ಮೀನಾ ಮಗನಿಗೆ ಹೇಳಿದಳು. "ಊರಿಗೇನು ಗೊತ್ತು? ಬೆಲೆ ಕೇಳಿ ಕೇಳಿ ಸತ್ತ ನಿಮ್ಮಪ್ಪ. ನೀನು ನನ್ನ ಹಾಲು ಕುಡಿದಿದ್ರೆ ಆ ತೋರ್‌ಬಾಜ್‌ನನ್ನ ಬಿಡಬೇಡ."

ಬಿಡುವ ಮಾತೇ ಇರಲಿಲ್ಲ. ಮೇವಾ ಒಂದು ಬೆಳಗ್ಗೆ ಕಲಾಶ್ನಿಕೋವ್ ಹಿಡಿದು ಅದೇ ಹಿಪ್ಪುನೇರಳೆ ಮರದ ಹಿಂದೆ ಕೂತ. ತೋರ್‌ಬಾಜ್ ಕಾಲುವೆಗೆ ಬಂದು ಬಗ್ಗಿ ಕೈಕಾಲು ತೊಳೆದ. ಬೋಳುತಲೆ, ಬಿಳಿ ಕತ್ತು, ಕಲ್ಲೆಸೆದರೂ ತಾಗುವ ದೂರ. ಬೆರಳು ಕೋವಿಯ ಕುದುರೆಯ ಮೇಲಿತ್ತು. ಆಗ ಮೇವಾನಿಗೆ ಒಂದು ಯೋಚನೆ ಬಂತು, ಅದು ಬಂದ ಮೇಲೆ ಬೆರಳು ಸಡಿಲವಾಯಿತು. ಈಗ ಹೊಡೆದರೆ ಇವನು ಗಂಡಸಾಗಿ ಸಾಯುತ್ತಾನೆ. ಕಣಿವೆಯೇ ಹೆಗಲು ಕೊಡುತ್ತದೆ. ಕೋವಿ ಗೋಡೆಯ ಮೇಲೆಯೇ ಇರುತ್ತದೆ, ಇವನ ಮಗ ಅದೇ ಕತೆ ಹೇಳಿಕೊಂಡು ನಗುತ್ತಾನೆ. ಇಲ್ಲ, ಇವನ ಉಸಿರಿಗಿಂತ ಮೊದಲು ಇವನ ಮಾನ ಸಾಯಬೇಕು. ಮೇವಾ ಎದ್ದು ಬಜಾರಿಗೆ ಹೋಗಿ ಕುಲುಮೆ ಊದಿದ.

ಅಂದಿನಿಂದ ಮೇವಾ ಮಾಡಿದ್ದು ತ್ರೀ ನಾಟ್ ತ್ರೀ ಒಂದೇ. ಬಜಾರೆಲ್ಲ ಕಲಾಶ್ನಿಕೋವ್ ಕುಟ್ಟಿ ದುಡ್ಡು ಮಾಡುತ್ತಿರುವಾಗ ಇವನು ಯಾರಿಗೂ ಬೇಡದ ಹಳೇ ಮಾಲು ಮಾಡುತ್ತ ಕೂತ. ಪಕ್ಕದ ಅಂಗಡಿಯವರು ರೇಗಿಸುತ್ತಿದ್ದರು. "ಉಸ್ತಾದ್, ಸತ್ತ ಎಮ್ಮೆಗೆ ಹುಲ್ಲು ಹಾಕ್ತಿದೀಯಲ್ಲ."

"ಎದ್ದರೂ ಎದ್ದೀತು ಲಾಲಾ," ಅನ್ನುತ್ತಿದ್ದ ಮೇವಾ.

ಪ್ರತಿಯೊಂದರ ಮೇಲೂ ಅದೇ ಕಿರೀಟ, ಅದೇ ಇಸವಿ, ಅದೇ ಬಿಲ್ಲೆ, ಅದೇ ನಂಬರು. ಹಿಡಿಯನ್ನು ಹಳೆಯ ಅಕ್ರೋಟು ಮರದಿಂದಲೇ ಕೆತ್ತಿ, ಎಣ್ಣೆ ಹಚ್ಚಿ, ಹೊಗೆಯಲ್ಲಿ ನೇತುಹಾಕಿ, ಸಗಣಿಯಲ್ಲಿ ಹೂತು ಮುದಿಮಾಡುತ್ತಿದ್ದ. ಬೇರೆ ಕೆಲಸಗಾರರು ಅವನ ಮಾಲನ್ನೇ ಮುಂದಿಟ್ಟುಕೊಂಡು ನಕಲು ಮಾಡಿದರು. ಅವರಿಗೂ ಓದು ಬರುತ್ತಿರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಕೆತ್ತಿದರು. ಹೀಗೆ ಜಾನ್‌ದಾದನ ಕೋವಿಯ ನಂಬರು ಬಜಾರಿನ ತುಂಬ ಹಬ್ಬಿತು. ಅದು ಯಾರ ಕೋವಿಯ ನಂಬರು ಎಂದು ಒಬ್ಬನೂ ಕೇಳಲಿಲ್ಲ. ಮೇವಾ ಪ್ರತಿ ಈದಿಗೂ ಚಾವಡಿಗೆ ಹೋದ, ತೋರ್‌ಬಾಜ್‌ನನ್ನು ಅಪ್ಪಿಕೊಂಡ, ಚಹಾ ಕುಡಿದ, ಗೋಡೆ ನೋಡಿ ಮರೆತದ್ದೇನಾದರೂ ಇದ್ದರೆ ನೆನಪು ಮಾಡಿಕೊಂಡು ಬಂದ. ಹಲ್ಲು ಕಚ್ಚಿ ನಗುವುದನ್ನು ಅಷ್ಟು ವರ್ಷ ಮಾಡಿದವನ ದವಡೆ ಹೇಗಿರಬೇಡ.

ಸತ್ತ ಎಮ್ಮೆ ಎದ್ದೇಬಿಟ್ಟಿತು. ಕಾಬೂಲಿಗೆ ವಿದೇಶಿ ಸೈನ್ಯಗಳು ಬಂದಿಳಿದವು. ಆ ಸೈನಿಕರಿಗೆ ಹೊಸ ಕೋವಿ ಬೇಕಿರಲಿಲ್ಲ, ಅದು ಅವರ ಹೆಗಲ ಮೇಲೇ ಇತ್ತು. ಅವರಿಗೆ ಮನೆಗೆ ಒಯ್ದು ಗೋಡೆಗೆ ಹಾಕಲು ಇಂಗ್ಲಿಷರ ಕಾಲದ್ದು ಬೇಕಿತ್ತು. ಊರುಗೋಲಾಗಿದ್ದ ಕೋವಿಗಳು, ಕೋಳಿಗೂಡಿನ ಅಗಳಿಗಳು ಎಲ್ಲ ಗಡಿ ದಾಟಿದವು. ಮೊದಲ ವರ್ಷ ಮೇವಾನ ಮಾಲೂ ಅಸಲಿಯ ಬೆಲೆಗೇ ಹೋಯಿತು. ಆಮೇಲೆ ಒಂದೇ ನಂಬರಿನ ಕೋವಿ ಒಂದೇ ಡೇರೆಯ ಇಬ್ಬರು ಸೈನಿಕರ ಹತ್ತಿರ ಕಂಡಿತಂತೆ, ಭಾರೀ ಗಲಾಟೆ ಆಯಿತಂತೆ, ಅಸಲಿಯಲ್ಲಿ ಒಂದು ನಂಬರಿಗೆ ಒಂದೇ ಕೋವಿ. ಆಮೇಲಿಂದ ಕಾಬೂಲಿನ ವ್ಯಾಪಾರಿಗಳು ಮೊದಲು ನಂಬರು ನೋಡಿ, ಆಮೇಲೆ ಸಲಾಂ ಹೇಳತೊಡಗಿದರು. ಆ ಒಂದು ನಂಬರಿಗೆ ದರ್ರಾ ನಂಬರು ಎಂದೇ ಹೆಸರಾಯಿತು. ಮೇವಾನಿಗೆ ನಷ್ಟವಾಯಿತು. ಅಂಥ ಸಿಹಿಯಾದ ನಷ್ಟ ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಅದೇ ಹೊತ್ತಿಗೆ ತೋರ್‌ಬಾಜ್‌ಗೆ ಗೋಡೆಯ ನೆನಪಾಯಿತು. ಮನೆ ಹಿಂದಿನಂತೆ ಇರಲಿಲ್ಲ, ಮಕ್ಕಳು ಹೊಲ ಹಂಚಿಕೊಂಡು ಕಿತ್ತಾಡಿ ತಿಂದಿದ್ದರು. ಮೊಮ್ಮಗನಿಗೆ ದೊಡ್ಡ ಮನೆಯ ಹೆಣ್ಣು ಗೊತ್ತಾಗಿತ್ತು, ಹೆಣ್ಣಿನ ಕಡೆಯವರು ಕೇಳಿದ ತೆರ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಅಸಲಿ ಇಂಗ್ಲಿಷ್ ರೈಫಲಿಗೆ ಈಗ ಮೋಟಾರು ಗಾಡಿಯೇ ಬರುತ್ತದೆಂದು ಯಾರೋ ಹೇಳಿದರು. ಮುದುಕ ಕಾಬೂಲಿನ ಹಾಜಿ ಸಮದ್ ಎಂಬ ದೊಡ್ಡ ವ್ಯಾಪಾರಿಗೆ ಹೇಳಿಕಳಿಸಿದ. ಕುರಿ ಕಡಿಸಿದ. ಬೀಗರನ್ನೂ ಹಿರಿಯರನ್ನೂ ಕರೆದ. ಬೆಲೆ ಏರಿದಾಗ ಹೇಗೆ ವ್ಯಾಪಾರ ಮಾಡಬೇಕೆಂದು ಹತ್ತು ಜನ ನೋಡಲಿ ಎಂಬ ಹಮ್ಮು.

ಹಾಜಿ ಸಮದ್ ಊಟ ಮುಗಿಸಿ, ಕೈ ಒರೆಸಿಕೊಂಡು ಕೋವಿ ತಗೊಂಡ. ಕಿರೀಟ ನೋಡಿ ಖುಷಿಯಾದ, ನಂಬರು ನೋಡಿ ಮುಖ ಸಪ್ಪಗೆ ಮಾಡಿದ.

"ಮಲಿಕ್ ಸಾಹೇಬ್, ಇದು ದರ್ರಾ ನಂಬರು. ಇಂಥದ್ದು ನನ್ನ ಗೋದಾಮಿನಲ್ಲಿ ರಾಶಿ ಬಿದ್ದಿದೆ."

"ಏನು ಮಾತು ಹಾಜಿ ಸಾಹೇಬ್? ಇದು ಈ ಗೋಡೆ ಮೇಲೆ ನೇತಾಡಿದ್ದನ್ನ ಈ ಕಣಿವೆಯೇ ನೋಡಿದೆ."

"ನೇತಾಡಿರಬಹುದು. ನೇತಾಡಿದ ಮಾತ್ರಕ್ಕೆ ಅಸಲಿ ಆಗಲ್ಲ. ಇಂಥದ್ದನ್ನ ಮಾಡೋ ಉಸ್ತಾದ್ ಒಬ್ಬ ಇದಾನಲ್ಲ ನಿಮ್ಮ ಬಜಾರಿನಲ್ಲಿ? ಅವನನ್ನೇ ಕರೆಸಿ. ತನ್ನದಲ್ಲ ಅಂತ ಅವನು ಅಂದ್ರೆ ನಾನು ಬೆಲೆ ಕೊಡ್ತೀನಿ. ಅವನ ಮಾತಿನ ಮೇಲೆ ಕೊಡ್ತೀನಿ."

ಮೇವಾ ಬಂದ. ಕೈಗೆ ಹತ್ತಿದ್ದ ಎಣ್ಣೆಯನ್ನೂ ತೊಳೆದಿರಲಿಲ್ಲ. ಚಾವಡಿಯ ಮಂಚಗಳೆಲ್ಲ ತುಂಬಿದ್ದವು. ತೋರ್‌ಬಾಜ್ ತಾನೇ ಎದ್ದು ಬಂದು ಕೋವಿಯನ್ನು ಅವನ ಕೈಗಿಟ್ಟ.

ತಾನು ಹುಟ್ಟಿದ್ದಕ್ಕೆ ಹೋದ ಕೋವಿಯನ್ನು ಮೇವಾ ಮೊದಲ ಸಲ ಮುಟ್ಟಿದ್ದು ಹಾಗೆ. ತನ್ನದಕ್ಕಿಂತ ಸ್ವಲ್ಪ ಭಾರ ಇತ್ತು. ಬೋಲ್ಟು ಎಳೆದ, ನಳಿಗೆಯೊಳಗೆ ಇಣುಕಿದ, ತಿರುಗಿಸಿದ. ಹಿತ್ತಾಳೆ ಪಟ್ಟಿಯ ಪಕ್ಕದಲ್ಲಿ, ಯಾವಾಗಲೂ ಗೋಡೆಯ ಕಡೆಗೇ ಇರುತ್ತಿದ್ದ ಮಗ್ಗುಲಲ್ಲಿ, ಹೆಬ್ಬೆರಳು ಎರಡು ತಗ್ಗಿಗೆ ಇಳಿಯಿತು. ಅವ್ವನ ಅಕ್ರೋಟು. ಅವನು ಮಾಡಿದ ಯಾವ ಕೋವಿಯಲ್ಲೂ ಆ ತಗ್ಗು ಇರಲಿಲ್ಲ. ಅಪ್ಪಾ ಎಂದು ಕೂಗಿ ಅದನ್ನು ಎದೆಗೆ ಅವಚಿಕೊಳ್ಳಬೇಕು ಅನ್ನಿಸಿತು.

"ಹೇಳು ಬಚ್ಚಾ," ತೋರ್‌ಬಾಜ್ ಅಂದ. ದನಿ ಮೆತ್ತಗಾಗಿತ್ತು. "ನಿಮ್ಮಪ್ಪನ ಕೋವಿ ಗುರುತು ಸಿಗಲ್ವಾ ನಿಂಗೆ? ಒಂದು ಮಾತು ಹೇಳು. ಬಂದದ್ದರಲ್ಲಿ ನಿಂಗೂ ಪಾಲಿದೆ."

ಒಂದು ಮಾತು. ಅಂದು ಜಿರ್ಗಾದಲ್ಲಿ ಇವನೂ ಒಂದೇ ಮಾತು ಹೇಳಬಹುದಿತ್ತು, ಗಂಡು ಹುಟ್ಟಿತು ಅದಕ್ಕೆ ಹೊಡೆದ ಎಂದು. ಉಪ್ಪು ತಿಂದವನು ನೀರು ಕುಡಿಯಲೇಬೇಕು.

"ಇದು ನನ್ನ ಕೈಕೆಲಸ," ಮೇವಾ ಗಟ್ಟಿಯಾಗಿ ಹೇಳಿದ. "ನನ್ನ ಮದುವೆ ವರ್ಷ ಮಾಡಿದ್ದು. ಹೊಗೆ ಸ್ವಲ್ಪ ಜಾಸ್ತಿ ಕೊಟ್ಟಿದ್ದೆ."

"ಸುಳ್ಳು," ಅಂದ ತೋರ್‌ಬಾಜ್.

"ಸುಳ್ಳು ಯಾಕೆ ಹೇಳಲಿ ಕಾಕಾ? ಜಿರ್ಗಾ ನಿನಗೆ ಕೊಟ್ಟದ್ದು ಅಸಲಿ. ಇಲ್ಲಿರೋ ಹಿರಿಯರೇ ಕೊಟ್ಟದ್ದು, ಅವರೇ ಸಾಕ್ಷಿ. ಅದನ್ನ ಯಾರಿಗೆ ಮಾರಿದೆ? ಯಾವಾಗ ಮಾರಿದೆ? ಬೆಲೆ ಬಿದ್ದಾಗ ಮಾರೋದಿಲ್ಲ ಅಂದಿದ್ದೆ. ಏರಿದಾಗ ಗುಟ್ಟಾಗಿ ಮಾರಿ, ಬಜಾರಿಂದ ನನ್ನದೊಂದು ತಂದು ನೇತುಹಾಕಿ, ನಮ್ಮಪ್ಪನ ಮರ್ಯಾದೆ ಇಲ್ಲಿದೆ ಅಂತ ಈದಿಗೆ ಈದಿಗೆ ನಕ್ಕೆಯಲ್ಲ?"

ಜಿರ್ಗಾ ಕೊಟ್ಟ ಒತ್ತೆಯನ್ನು ಎಲ್ಲರೆದುರು ಮಾರಿದರೆ ತಪ್ಪಿಲ್ಲ, ಕದ್ದು ಮಾರಿ ನಕಲಿ ತೂಗುಹಾಕುವವನು ನಮ್ಮಲ್ಲಿ ಕಳ್ಳನಿಗಿಂತ ಕಡೆ, ಅವನ ಮನೆಯ ನೀರನ್ನೂ ಕುಡಿಯುವುದಿಲ್ಲ. ಮೊಮ್ಮಗನಿಗೆ ಗೊತ್ತಾಗಿದ್ದ ಹುಡುಗಿಯ ತಾತ ಚಹಾದ ಬಟ್ಟಲನ್ನು ನೆಲಕ್ಕಿಟ್ಟ. ಕೆರ ಹುಡುಕಿ ಕಾಲಿಗೆ ಹಾಕಿಕೊಂಡ. ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು.

ತೋರ್‌ಬಾಜ್ ಮೇವಾನ ಹತ್ತಿರಕ್ಕೆ ಬಂದ. ಬಾಯಿಂದ ನಸ್ವಾರಿನ ವಾಸನೆ ಬರುತ್ತಿತ್ತು. "ಇದು ಅಸಲಿ ಅಂತ ನಿಂಗೆ ಗೊತ್ತು," ಅಂದ, ಇಬ್ಬರಿಗೇ ಕೇಳುವಂತೆ.

"ಗಂಡು ಹುಟ್ಟಿತ್ತು ಅಂತ ನಿಂಗೂ ಗೊತ್ತಿತ್ತು," ಅಂದ ಮೇವಾ. "ನಿನ್ನ ಹೆಂಡತಿ ಬೆಲ್ಲ ಕಳಿಸಿದ್ದಳು."

ಮುದುಕ ದುಷ್ಟ ಹೌದು, ದಡ್ಡನಲ್ಲ. ಅವನ ಕಣ್ಣಲ್ಲಿ ಹಳೆಯ ನಗು ಒಂದಿಷ್ಟು ಮಿನುಗಿತು. ಬಾಗಿಲಲ್ಲಿ ಇನ್ನೂ ಜನ ಇರುವಾಗಲೇ ಅವನು ದನಿಯೆತ್ತಿ ಹೇಳಿದ: "ಎಲ್ಲರೂ ಕೇಳಿಸ್ಕೊಳ್ಳಿ. ಉಸ್ತಾದ್ ಇದು ನನ್ನ ಕೈಕೆಲಸ ಅಂದಿದಾನೆ. ಅವನ ಮಾಲು ಅವನೇ ಒಯ್ಯಲಿ, ನಂಗೆ ಬೇಡ. ನಾಳೆ ಯಾರೂ ಇದು ಜಾನ್‌ದಾದನ ಕೋವಿ ಅನ್ನಬಾರದು. ಅದು ಅಲ್ಲ ಅಂತ ಅವನ ಮಗನೇ ಅಂದಿದಾನೆ."

ಮೇವಾ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಗುಲ್ಮೀನಾಳ ಕಣ್ಣು ಮಬ್ಬಾಗಿತ್ತು. ಮಗ ತೊಡೆಯ ಮೇಲೆ ಇಟ್ಟದ್ದನ್ನು ಅವಳು ಬೆರಳಿನಿಂದ ತಡಕಿದಳು. ಎರಡು ತಗ್ಗು ಸಿಕ್ಕಿದ ಕಡೆ ಬೆರಳು ನಿಂತಿತು. ಅವಳು ಬಗ್ಗಿ ಮರಕ್ಕೆ ಕೆನ್ನೆ ಒತ್ತಿದಳು. ಚಾವಡಿ ಖಾಲಿಯಾದದ್ದು, ಮದುವೆ ಮುರಿದದ್ದು, ಹುಡುಗಿಯ ತಾತ ಕೆರ ಹುಡುಕಿದ್ದು, ಎಲ್ಲವನ್ನೂ ಅವಳು ಮತ್ತೆ ಮತ್ತೆ ಹೇಳಿಸಿಕೊಂಡಳು. ಹಸಿದವಳು ರೊಟ್ಟಿ ತಿನ್ನುವ ಹಾಗೆ ಕೇಳಿದಳು.

"ಈಗ ಮಾಳಿಗೆ ಹತ್ತು," ಅಂದಳು. "ಜಾನ್‌ದಾದನ ಕೋವಿ ಮನೆಗೆ ಬಂತು ಅಂತ ಕೂಗಿ ಹೇಳು. ಒಂದು ಗುಂಡು ಹೊಡಿ."

"ಹೇಳೋಕಾಗಲ್ಲ ಅಬಯ್. ಇದು ನಾನು ಮಾಡಿದ್ದು ಅಂತ ಹೇಳಿ ಬಂದಿದೀನಿ. ಅಸಲಿ ಅಂದ್ರೆ ತೋರ್‌ಬಾಜ್ ಸಾಚಾ ಆಗ್ತಾನೆ."

ಗುಲ್ಮೀನಾ ಇನ್ನೊಮ್ಮೆ ಕೋವಿ ಸವರಿದಳು. "ಅಪ್ಪನ ಕೋವಿ ತಂದೆ," ಅಂದಳು. "ಅಪ್ಪನ ಹೆಸರನ್ನ ಅಲ್ಲೇ ಬಿಟ್ಟು ಬಂದೆ." ಬೈದದ್ದಲ್ಲ, ಹೊಗಳಿದ್ದೂ ಅಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಅವಳಿಗೆ ಅದು ಮಗನಿಗಿಂತ ಮೊದಲೇ ತಿಳಿಯಿತು.

ಮನೆಯ ಗೋಡೆಗೆ ಹಾಕಿದರೆ ಬಂದವರು ಯಾಕೆ ಎಂದು ಕೇಳುತ್ತಾರೆ. ಹಾಗಾಗಿ ಮೇವಾ ಅದನ್ನು ಅಂಗಡಿಯಲ್ಲೇ ತನ್ನ ಮಾಲಿನ ಸಾಲಿನಲ್ಲಿ ತೂಗುಹಾಕಿದ. ಯಾರಾದರೂ ಅದರತ್ತ ಕೈ ತೋರಿಸಿದರೆ ಅದು ಆಗಲೇ ಮಾರಾಟವಾಗಿದೆ ಎಂದು ಬೇರೊಂದನ್ನು ಇಳಿಸಿ ಕೊಡುತ್ತಿದ್ದ.

ತೋರ್‌ಬಾಜ್‌ನ ಚಾವಡಿಗೆ ಈಗ ಈದಿಗೂ ಯಾರೂ ಹೋಗುವುದಿಲ್ಲ. ಮೊಮ್ಮಗ ಕರಾಚಿಗೆ ಹೋಗಿ ಯಾರದೋ ಲಾರಿ ಓಡಿಸುತ್ತಾನೆ. ಆದರೆ ಮುದುಕನಿಗೆ ಸಾವು ಬಂದಿಲ್ಲ. ಶುಕ್ರವಾರದ ನಮಾಜು ಮುಗಿಸಿ, ಕೋಲೂರಿಕೊಂಡು, ಬಜಾರಿನ ಉದ್ದಕ್ಕೂ ಒಬ್ಬನೇ ನಡೆದು ಬರುತ್ತಾನೆ. ಯಾರೂ ಸಲಾಂ ಹೇಳುವುದಿಲ್ಲ. ಮೇವಾನ ಅಂಗಡಿಯ ಮುಂದೆ ನಿಂತು, ಸಾಲಿನಲ್ಲಿರುವ ಆ ಒಂದಕ್ಕೇ ಕೋಲು ತೋರಿಸುತ್ತಾನೆ. ಎಷ್ಟು ಕೋವಿಗಳ ನಡುವೆ ಇದ್ದರೂ ಅವನ ಕೋಲು ಒಂದು ಸಲವೂ ತಪ್ಪಿಲ್ಲ. ಈ ಲೋಕದಲ್ಲಿ ಆ ಕೋವಿಯನ್ನು ಬಲ್ಲ ಗಂಡಸರು ಇಬ್ಬರೇ.

"ಉಸ್ತಾದ್, ಅದಕ್ಕೆ ಇವತ್ತಿನ ಬೆಲೆ ಎಷ್ಟು?"

ಅಂಗಡಿಯಲ್ಲಿ ಗಿರಾಕಿಗಳು ಇರುತ್ತಾರೆ, ಪಕ್ಕದವರು ಕಿವಿ ನಿಮಿರಿಸಿರುತ್ತಾರೆ. ಮೇವಾ ಅರ ಕೆಳಗಿಟ್ಟು ನಕಲಿಯ ಬೆಲೆ ಹೇಳುತ್ತಾನೆ.

"ಅಷ್ಟೇನಾ?" ಅನ್ನುತ್ತಾನೆ ತೋರ್‌ಬಾಜ್. "ಏರಲಿ ಬಿಡು, ಆಗ ಬರ್ತೀನಿ."